ಕಂಪ್ಯೂಟರ್ ಬಿಸಿಯ ಎಂಬತ್ತು ವರ್ಷ: ಫ್ಯಾನ್ ಬೇಕೋ, ಮೌನ ಬೇಕೋ?

ಊರಿನ ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋ, ಆನ್‌ಲೈನ್ ಅರ್ಜಿ ಹಾಕುವ ಸೆಂಟರ್, ಎಲ್ಲಿಗೆ ಹೋದರೂ ಮೇಜಿನ ಕೆಳಗಿನಿಂದ ಗುಂಯ್ ಅನ್ನುವ ಒಂದು ಸದ್ದು ಬರುತ್ತಿರುತ್ತದೆ. ಅದು ಕಂಪ್ಯೂಟರಿನ ಫ್ಯಾನ್ ಸದ್ದು. ಮಾರ್ಚ್ ಬಂತೆಂದರೆ ಅದು ಇನ್ನೂ ಜೋರಾಗುತ್ತದೆ. ಕಲಬುರಗಿ, ರಾಯಚೂರು ಕಡೆ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟುಕೊಂಡು ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗರನ್ನು ನಾವೂ ನೋಡಿದ್ದೇವೆ, ನೀವೂ ನೋಡಿರುತ್ತೀರಿ.

"ಇಷ್ಟೆಲ್ಲಾ ಮುಂದುವರಿದಿದ್ದಾರೆ, ಸದ್ದಿಲ್ಲದ, ಬಿಸಿಯಾಗದ ಕಂಪ್ಯೂಟರ್ ಮಾಡೋಕೆ ಆಗಲ್ವಾ?" ಅಂತ ಕೆಲವರು ಕೇಳುತ್ತಾರೆ. ಈ ಪ್ರಶ್ನೆ ಹೊಸದಲ್ಲ, ಕಂಪ್ಯೂಟರ್ ಹುಟ್ಟಿದ ದಿನದಿಂದಲೂ ಇದೆ. ಇದಕ್ಕೆ ಉತ್ತರ ಹುಡುಕುತ್ತ ಕೆಲವರು ಗೆದ್ದರು, ಕೆಲವರು ಕೈ ಸುಟ್ಟುಕೊಂಡರು. ಇವತ್ತು ಆ ಕಥೆ ಹೇಳುತ್ತೇವೆ.

ಬಿಸಿ ಬರುವುದೆಲ್ಲಿಂದ?

ಪಂಪ್‌ಸೆಟ್‌ಗೆ ಕರೆಂಟ್ ಕೊಟ್ಟರೆ ನೀರು ಮೇಲೆ ಬರುತ್ತದೆ. ಹಿಟ್ಟಿನ ಗಿರಣಿಗೆ ಕೊಟ್ಟರೆ ರಾಗಿ ಹಿಟ್ಟಾಗುತ್ತದೆ. ಕರೆಂಟಿನ ದೊಡ್ಡ ಪಾಲು ಕೆಲಸವಾಗಿ ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರ್ ಹಾಗಲ್ಲ. ಅದು ಏನನ್ನೂ ಎತ್ತುವುದಿಲ್ಲ, ಬೀಸುವುದಿಲ್ಲ. ಪ್ರೊಸೆಸರ್ ಒಳಗೆ ಹೋದ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಗೆ ಬರಬೇಕು.

100 ವ್ಯಾಟ್‌ನ ಹಳೇ ಬುರುಡೆ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಆ ಬಿಸಿ ಗೊತ್ತು. ಡೆಸ್ಕ್‌ಟಾಪ್ ಪ್ರೊಸೆಸರ್ ಜೋರಾಗಿ ಕೆಲಸ ಮಾಡುವಾಗ ಅಷ್ಟೇ ಬಿಸಿ ಕಾರಬಹುದು. ಆದರೆ ಬಲ್ಬಿನ ಬಿಸಿ ಇಡೀ ಗಾಜಿನ ಬುರುಡೆಯ ಮೇಲೆ ಹರಡಿಕೊಂಡಿರುತ್ತದೆ, ಪ್ರೊಸೆಸರಿನ ಬಿಸಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಅದನ್ನು ಕೂಡಲೇ ಹೊತ್ತು ಹೊರಗೆ ಹಾಕುವವರು ಬೇಕು. ಕಂಪ್ಯೂಟರಿನ ಚರಿತ್ರೆಯ ಅರ್ಧ ಪಾಲು ಈ ಹೊರುವವರ ಚರಿತ್ರೆ.

ನಲವತ್ತು ಪಂಪ್‌ಸೆಟ್‌ಗಳ ಕರೆಂಟ್

1946ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಎನಿಯಾಕ್ ಎಂಬ ಯಂತ್ರವನ್ನು ಜಗತ್ತಿಗೆ ತೋರಿಸಿದರು. ಜಾನ್ ಮಾಕ್ಲಿ, ಪ್ರೆಸ್ಪರ್ ಎಕರ್ಟ್ ಎಂಬಿಬ್ಬರು ಅದರ ಹಿಂದಿದ್ದವರು. ಅಜ್ಜನ ಕಾಲದ ರೇಡಿಯೋದಲ್ಲಿ ಕೆಂಪಗೆ ಹೊಳೆಯುತ್ತಿದ್ದ ವಾಲ್ವ್‌ಗಳು ನೆನಪಿವೆಯೇ? ಅಂಥವು ಎನಿಯಾಕ್‌ನಲ್ಲಿ ಸುಮಾರು 18,000 ಇದ್ದವು.

ಅದು ತಿನ್ನುತ್ತಿದ್ದ ಕರೆಂಟ್ ಸುಮಾರು 150 ಕಿಲೋವ್ಯಾಟ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 5 ಎಚ್‌ಪಿಯ 40 ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿದಷ್ಟು. ಅಷ್ಟೂ ಬಿಸಿ ಒಂದೇ ಕೋಣೆಯೊಳಗೆ. ಅದಕ್ಕೇ ದೊಡ್ಡ ದೊಡ್ಡ ಬ್ಲೋವರ್‌ಗಳನ್ನು ಕೂರಿಸಿ ಗಾಳಿ ನುಗ್ಗಿಸುತ್ತಿದ್ದರು. ಇಷ್ಟಾದರೂ ಒಂದೆರಡು ದಿನಕ್ಕೊಂದು ವಾಲ್ವ್ ಸುಟ್ಟು ಹೋಗುತ್ತಿತ್ತು.

ಅಲ್ಲಿಂದ ಮುಂದೆ ಕೆಲವು ದಶಕ ದೊಡ್ಡ ಕಂಪ್ಯೂಟರ್ ಎಂದರೆ ಎಸಿ ಕೋಣೆಯ ಸೊತ್ತು. ನಮ್ಮ ದೇಶದ ಶಾಲೆ ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅದು ಮಡಿ ಅಲ್ಲ. ಧೂಳಿನ ಭಯ.

ದ್ರವದಲ್ಲಿ ಮುಳುಗಿಸಿದರು

1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ವಾಲ್ವಿನ ಜಾಗಕ್ಕೆ ಇದು ಬಂದಾಗ ಬಿಸಿಯ ಕಾಟ ತೀರಿತು ಅನ್ನಿಸಿತು. ಆದರೆ ಮನುಷ್ಯನ ಆಸೆ ಗೊತ್ತಲ್ಲ. ಒಂದು ಟ್ರಾನ್ಸಿಸ್ಟರ್ ತಣ್ಣಗಿದೆ ಎಂದರೆ ಅದೇ ಜಾಗದಲ್ಲಿ ನೂರು ಕೂರಿಸಿದರು. ಬಿಸಿ ಮತ್ತೆ ಬಂತು.

ಸೆಮೋರ್ ಕ್ರೇ ಎಂಬ ಎಂಜಿನಿಯರ್ ಕಟ್ಟಿದ ಕ್ರೇ-1 ಎಂಬ ಸೂಪರ್ ಕಂಪ್ಯೂಟರ್ 1976ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಹೋಯಿತು. ಅದಕ್ಕೆ ಗಾಳಿ ಸಾಲಲಿಲ್ಲ. ಫ್ರಿಜ್ಜಿನಲ್ಲಿರುತ್ತಿದ್ದ ಫ್ರಿಯಾನ್ ಅನ್ನೇ ಕೊಳವೆಗಳಲ್ಲಿ ಹರಿಸಿದರು. 1985ರ ಕ್ರೇ-2ರಲ್ಲಿ ಇನ್ನೂ ಮುಂದೆ ಹೋಗಿ, ಕರೆಂಟ್ ಹರಿಯದ ಫ್ಲೋರಿನರ್ಟ್ ಎಂಬ ದ್ರವದೊಳಗೆ ಸರ್ಕ್ಯೂಟ್ ಬೋರ್ಡುಗಳನ್ನೇ ಮುಳುಗಿಸಿಟ್ಟರು. ಆ ದ್ರವದ ಗುಳ್ಳೆಗಳಿಂದಾಗಿ ಅದಕ್ಕೆ 'ಬಬಲ್ಸ್' ಎಂದೇ ಅಡ್ಡಹೆಸರು ಬಿತ್ತು.

ಸರ್ಕಾರದ ದುಡ್ಡಿನಲ್ಲಿ ಇದೆಲ್ಲ ನಡೆಯುತ್ತದೆ. ಮನೆಗೆ ಬರುವ ಕಂಪ್ಯೂಟರಿಗೆ?

ಫ್ಯಾನ್ ಬೇಡ ಎಂದವನ ಕಥೆ

ಆಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಫ್ಯಾನ್ ಸದ್ದು ಕಂಡರೆ ಆಗುತ್ತಿರಲಿಲ್ಲ. 1977ರ ಆಪಲ್-2 ಕಂಪ್ಯೂಟರಿನಲ್ಲಿ ಫ್ಯಾನೇ ಇರಲಿಲ್ಲ. ಅದು ಸಾಧ್ಯವಾದದ್ದು ರಾಡ್ ಹೋಲ್ಟ್ ಎಂಬ ಎಂಜಿನಿಯರ್‌ನಿಂದ. ಕಡಿಮೆ ಬಿಸಿಯಾಗುವ ಸ್ವಿಚಿಂಗ್ ಪವರ್ ಸಪ್ಲೈ ಅನ್ನು ಅವರು ಅದಕ್ಕೆ ಹೊಂದಿಸಿದರು. ಆ ತಂತ್ರವನ್ನು ಕಂಡುಹಿಡಿದವರು ಅವರಲ್ಲ, ಅದು ಮೊದಲೇ ಇತ್ತು. ಇವತ್ತು ರಿಪೇರಿ ಅಂಗಡಿಯಲ್ಲಿ "ಎಸ್‌ಎಂಪಿಎಸ್ ಹೋಗಿದೆ ಸರ್" ಅನ್ನುತ್ತಾರಲ್ಲ, ಅದೇ ಜಾತಿಯದು.

ಆಪಲ್-2 ಗೆದ್ದಿತು. ಅದೇ ಧೈರ್ಯದಲ್ಲಿ 1980ರಲ್ಲಿ ಆಪಲ್-3 ತಂದರು. ಆಫೀಸುಗಳಿಗೆಂದು ಮಾಡಿದ ದುಬಾರಿ ಯಂತ್ರ. ಇದಕ್ಕೂ ಫ್ಯಾನ್ ಬೇಡ ಎಂಬ ಹಟ. ಭಾರೀ ಅಲ್ಯೂಮಿನಿಯಂ ಮೈಯೇ ಬಿಸಿಯನ್ನು ಹೀರಿ ಹೊರಗೆ ಬಿಡಬೇಕಿತ್ತು. ಆಗಿದ್ದೇ ಬೇರೆ. ಬಿಸಿಯಾಗಿ ತಣ್ಣಗಾಗಿ ಚಿಪ್‌ಗಳು ಸಾಕೆಟ್‌ನಿಂದ ಸಡಿಲವಾಗತೊಡಗಿದವು. ಯಂತ್ರವನ್ನು ಮೇಜಿನಿಂದ ಒಂದೆರಡು ಇಂಚು ಮೇಲೆತ್ತಿ ದೊಪ್ಪನೆ ಕೆಳಗೆ ಬಿಡಿ, ಚಿಪ್ ಮತ್ತೆ ಕೂರುತ್ತದೆ ಎಂದು ಕಂಪನಿ ಕಡೆಯವರೇ ಗ್ರಾಹಕರಿಗೆ ಹೇಳಿಕೊಡಬೇಕಾಯಿತು. ಸಾವಿರಾರು ಡಾಲರ್ ಕೊಟ್ಟು ತಂದ ಕಂಪ್ಯೂಟರಿಗೆ ಹಳೇ ರೇಡಿಯೋಗೆ ಗುದ್ದುವ ವೈದ್ಯ! ತಪ್ಪು ಬಿಸಿಯದಲ್ಲ, ಒಳಗಿನ ಬೋರ್ಡಿನದು ಎಂದು ಪೆಟ್ಟಿಗೆ ವಿನ್ಯಾಸ ಮಾಡಿದವರು ಮುಂದೆ ವಾದಿಸಿದ್ದುಂಟು. ಏನೇ ಇರಲಿ, ಯಂತ್ರಗಳನ್ನು ಬದಲಿಸಿ ಕೊಟ್ಟರೂ ಹೋದ ಹೆಸರು ವಾಪಸ್ ಬರಲಿಲ್ಲ. 1984ರಲ್ಲಿ ಆಪಲ್-3 ನಿಂತೇ ಹೋಯಿತು.

ಈ ನಡುವೆ 1981ರಲ್ಲಿ ಐಬಿಎಂ ತನ್ನ ಪಿಸಿ ತಂದಿತು. ಅದರ ಪವರ್ ಸಪ್ಲೈ ಒಳಗೊಂದು ಫ್ಯಾನ್ ಇತ್ತು. ಸದ್ದು ಮಾಡುತ್ತಿತ್ತು, ಕೆಲಸವನ್ನೂ ಮಾಡುತ್ತಿತ್ತು. ನಾವು ಇವತ್ತು ಬಳಸುವ ಅಸೆಂಬಲ್ಡ್ ಕಂಪ್ಯೂಟರ್‌ಗಳೆಲ್ಲ ಆ ಐಬಿಎಂ ಪಿಸಿಯ ವಂಶದವು.

ಪ್ರೊಸೆಸರ್ ತಲೆ ಮೇಲೆ ಫ್ಯಾನ್ ಕೂತದ್ದು

ಆ ಮೊದಲ ಪಿಸಿಯ ಪ್ರೊಸೆಸರಿಗೆ ಹೀಟ್‌ಸಿಂಕ್ ಕೂಡ ಇರಲಿಲ್ಲ, ಬರೀ ಚಿಪ್. 486 ಕಾಲಕ್ಕೆ ಅಲ್ಯೂಮಿನಿಯಂ ರೆಕ್ಕೆಗಳು ಬಂದವು. 1993ರ ಪೆಂಟಿಯಂ ಸುಮಾರು 15 ವ್ಯಾಟ್ ಬಿಸಿ ಕಾರತೊಡಗಿದಾಗ ಆ ರೆಕ್ಕೆಗಳ ಮೇಲೊಂದು ಪುಟ್ಟ ಫ್ಯಾನ್ ಕೂತಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸುವವರು ಮದರ್‌ಬೋರ್ಡ್, ರ‍್ಯಾಮ್ ಜೊತೆ 'ಸಿಪಿಯು ಫ್ಯಾನ್' ಎಂಬುದನ್ನೂ ಪಟ್ಟಿಗೆ ಸೇರಿಸಿಕೊಂಡರು.

ಇಷ್ಟು ವರ್ಷ ಚಿಪ್ ಮಾಡುವವರ ಕೈ ಹಿಡಿದಿದ್ದು ಒಂದು ನಿಯಮ. 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಬರೆದದ್ದು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜನ್ನೂ ಇಳಿಸುತ್ತ ಹೋಗಬಹುದು, ಆದ್ದರಿಂದ ಒಂದು ಅಂಗುಲ ಜಾಗದಲ್ಲಿ ಹುಟ್ಟುವ ಬಿಸಿ ಹೆಚ್ಚುವುದಿಲ್ಲ ಎಂಬುದು ಅದರ ಸಾರ. ಚಿಪ್ ವೇಗ ವರ್ಷದಿಂದ ವರ್ಷಕ್ಕೆ ಏರಿದ್ದು ಇದರ ಬಲದಿಂದ.

2000ದ ಆಸುಪಾಸಿನಲ್ಲಿ ಈ ನಿಯಮ ಕೈಕೊಡತೊಡಗಿತು. ಟ್ರಾನ್ಸಿಸ್ಟರ್ ಎಷ್ಟು ಚಿಕ್ಕದಾಯಿತೆಂದರೆ, ಆಫ್ ಇದ್ದಾಗಲೂ ಸೋರುವ ನಲ್ಲಿಯಂತೆ ಕರೆಂಟ್ ಸೋರತೊಡಗಿತು. ಇದೇ ದಾರಿಯಲ್ಲಿ ಹೋದರೆ ಚಿಪ್ಪಿನ ಬಿಸಿಯ ದಟ್ಟಣೆ ಅಣುಸ್ಥಾವರದ ಮಟ್ಟ ಮುಟ್ಟುತ್ತದೆ ಎಂದು 2001ರಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ ಎಚ್ಚರಿಸಿದರು. ಅದೇ ವರ್ಷ ಒಂದು ವಿಡಿಯೋ ಜಗತ್ತಿನ ಕಂಪ್ಯೂಟರ್ ಪ್ರಿಯರಲ್ಲಿ ಹರಿದಾಡಿತು. ಓಡುತ್ತಿದ್ದ ಎಎಂಡಿ ಅಥ್ಲಾನ್ ಪ್ರೊಸೆಸರಿನ ಹೀಟ್‌ಸಿಂಕ್ ಕಿತ್ತರು, ಕೆಲವೇ ಕ್ಷಣದಲ್ಲಿ ಹೊಗೆ! ಪೆಂಟಿಯಂ 4ರದ್ದು ಕಿತ್ತರೆ ಅದು ತಾನಾಗಿಯೇ ವೇಗ ಇಳಿಸಿಕೊಂಡು ಬದುಕಿತು.

ಆದರೆ ಪೆಂಟಿಯಂ 4ಕ್ಕೂ ಗೋಡೆ ಎದುರಾಯಿತು. 2004ರಲ್ಲಿ ಬಂದ ಅದರ ಪ್ರೆಸ್ಕಾಟ್ ಎಂಬ ಆವೃತ್ತಿಯ ಕೆಲವು ಪ್ರೊಸೆಸರ್‌ಗಳು 115 ವ್ಯಾಟ್ ಮುಟ್ಟಿದವು. ವೇಗ 3.8 ಗಿಗಾಹರ್ಟ್ಸ್‌ಗೆ ನಿಂತಿತು. 4 ಗಿಗಾಹರ್ಟ್ಸ್ ತರುತ್ತೇವೆ ಎಂದಿದ್ದ ಇಂಟೆಲ್ ಅದೇ ವರ್ಷ ಅಕ್ಟೋಬರಿನಲ್ಲಿ ಅದನ್ನು ಕೈಬಿಟ್ಟಿತು. ಲೆಕ್ಕ ಮಾಡುವ ಜಾಣ್ಮೆ ಕಡಿಮೆಯಾಗಿ ನಿಲ್ಲಿಸಿದ್ದಲ್ಲ. ಬಿಸಿ ಹೊರುವವರು ಸೋತದ್ದಕ್ಕೆ ನಿಲ್ಲಿಸಿದ್ದು.

ಆಮೇಲೆ ದಾರಿ ಬದಲಾಯಿತು. ಒಂದೇ ಎತ್ತನ್ನು ಓಡಿಸಿ ಸಾಯಿಸುವ ಬದಲು ಜೋಡೆತ್ತು ಕಟ್ಟಿದರು. 2005ರಲ್ಲಿ ಡ್ಯುಯಲ್ ಕೋರ್‌ಗಳು, 2006ರಲ್ಲಿ 65 ವ್ಯಾಟ್‌ನ ಕೋರ್ 2 ಡ್ಯುಯೋ ಬಂದವು. ನಿಮ್ಮ ಕೈಯಲ್ಲಿರುವ ಫೋನಿನ ಜಾಹೀರಾತಿನಲ್ಲಿ 'ಆಕ್ಟಾ ಕೋರ್' ಎಂದಿದ್ದರೆ ಅದರ ಬೇರು ಈ ಸೋಲಿನಲ್ಲಿದೆ. ಬಿಸಿಲಲ್ಲಿ ಹಿಡಿದ ಫೋನ್ ನಿಧಾನವಾಗುವುದೂ ಅಂದಿನ ಪೆಂಟಿಯಂ 4 ಮಾಡಿದ್ದನ್ನೇ: ಫ್ಯಾನ್ ಇಲ್ಲದ್ದರಿಂದ ವೇಗ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ.

ಸದ್ದು ಇಳಿಸಿದ್ದು ಹೇಗೆ?

ಪೆಂಟಿಯಂ 4 ಕಾಲದ ಚಿಕ್ಕ ಫ್ಯಾನ್‌ಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಕಿರುಚುತ್ತಿದ್ದವು. ಇದಕ್ಕೆ ಔಷಧ ಸಿಕ್ಕಿದ್ದು ಸರಳ ಲೆಕ್ಕದಲ್ಲಿ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಹಾಗಾಗಿ ಚಿಕ್ಕ ಫ್ಯಾನನ್ನು ಜೋರಾಗಿ ತಿರುಗಿಸುವ ಬದಲು ದೊಡ್ಡ ಫ್ಯಾನನ್ನು ನಿಧಾನ ತಿರುಗಿಸಿದರೆ ಗಾಳಿ ಅಷ್ಟೇ, ಸದ್ದು ಕಡಿಮೆ. 80 ಮಿಲಿಮೀಟರ್ ಫ್ಯಾನ್ ಹೋಗಿ 120 ಮಿಲಿಮೀಟರ್ ಬಂದದ್ದು ಇದಕ್ಕೆ.

ಎರಡನೆಯದು ಹೀಟ್ ಪೈಪ್. ಲಾಸ್ ಅಲಮೋಸ್‌ನ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ಬಳಕೆಗೆ ತಂದರು. ಒಳಗಿನ ಗಾಳಿ ತೆಗೆದು, ಸ್ವಲ್ಪವೇ ನೀರು ಹಾಕಿ ಮುಚ್ಚಿದ ತಾಮ್ರದ ಕೊಳವೆ. ಇಡ್ಲಿ ಪಾತ್ರೆಯಲ್ಲಿ ಆವಿ ಮೇಲೆದ್ದು ಮುಚ್ಚಳಕ್ಕೆ ತಾಗಿ ಹನಿಯಾಗಿ ಇಳಿಯುತ್ತದಲ್ಲ, ಅದೇ ಆಟ. ಪ್ರೊಸೆಸರ್ ಕಡೆ ನೀರು ಆವಿಯಾಗಿ ಬಿಸಿ ಹೊತ್ತು ಓಡುತ್ತದೆ, ರೆಕ್ಕೆಗಳ ಕಡೆ ತಣ್ಣಗಾಗಿ ನೀರಾಗಿ ಮರಳುತ್ತದೆ.

ಮೂರನೆಯದು ಫ್ಯಾನಿಗೆ ಬುದ್ಧಿ ಬಂದದ್ದು. 2003ರ ಆಪಲ್ ಪವರ್ ಮ್ಯಾಕ್ ಜಿ5ರಲ್ಲಿ ಒಂಬತ್ತು ಫ್ಯಾನ್ ಇದ್ದವು. ಫ್ಯಾನೇ ಬೇಡ ಎಂದಿದ್ದ ಜಾಬ್ಸ್ ಅವರ ಕಂಪನಿಯಲ್ಲೇ! ಆದರೆ ಎಲ್ಲಿ ಬಿಸಿಯೋ ಅಲ್ಲಿನ ಫ್ಯಾನ್ ಮಾತ್ರ, ಬೇಕಾದಷ್ಟೇ ತಿರುಗುತ್ತಿತ್ತು. ಸಾಮಾನ್ಯ ಮದರ್‌ಬೋರ್ಡ್‌ಗಳಿಗೂ ನಾಲ್ಕು ಪಿನ್ನಿನ ಫ್ಯಾನ್ ಬಂದು, ಬಿಸಿ ನೋಡಿ ವೇಗ ಏರಿಸುವ ಇಳಿಸುವ ಪದ್ಧತಿ ಹರಡಿತು. ಆಸ್ಟ್ರಿಯಾದಲ್ಲಿ 2005ರಲ್ಲಿ ಶುರುವಾದ ನಾಕ್ಟುವಾ ಕಂಪನಿಯಂತೂ ಕಾಫಿ ಬಣ್ಣದ ಸದ್ದಿಲ್ಲದ ಫ್ಯಾನ್‌ಗಳಿಂದಲೇ ಹೆಸರು ಮಾಡಿತು.

ನಮ್ಮ ಊರಿನ ಲೆಕ್ಕ

ಈ ಚರಿತ್ರೆಯಿಂದ ನಮಗೇನು? ಒಂದು ಮಾತು ತಿಳಿದಿರಲಿ. ಯಾವ ಫ್ಯಾನೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 65 ಡಿಗ್ರಿಗೆ ನಿಲ್ಲುವ ಪ್ರೊಸೆಸರ್, 42 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ, ಅದೇ ಫ್ಯಾನ್ ವೇಗದಲ್ಲಿ 82ರ ಹತ್ತಿರ ಹೋಗುತ್ತದೆ. ರೆಕ್ಕೆಗಳ ನಡುವೆ ಧೂಳು ಕಟ್ಟಿದ್ದರೆ ಇನ್ನೂ ಮೇಲೆ. 100ರ ಆಸುಪಾಸಿಗೆ ಬಂದರೆ ಹೆಚ್ಚಿನ ಪ್ರೊಸೆಸರ್‌ಗಳು ವೇಗ ಇಳಿಸುತ್ತವೆ, ಅದಕ್ಕೂ ಮೀರಿದರೆ ಕಂಪ್ಯೂಟರ್ ಆಫ್ ಆಗುತ್ತದೆ.

ಇಲ್ಲೇ ನಮ್ಮವರ ದುಡ್ಡು ಹೋಗುವುದು. ಮದುವೆ ಸೀಸನ್ನಿನಲ್ಲಿ ಕಂಪ್ಯೂಟರ್ ಪದೇ ಪದೇ ಆಫ್ ಆದರೆ "ವೈರಸ್ ಇರಬೇಕು" ಎಂದು ಫಾರ್ಮ್ಯಾಟ್ ಮಾಡಿಸುತ್ತಾರೆ, ಫೋಟೋ ವಿಡಿಯೋ ಕಳೆದುಕೊಳ್ಳುತ್ತಾರೆ. ಎರಡು ದಿನಕ್ಕೆ ಮತ್ತೆ ಅದೇ ಕಥೆ. ಮೊದಲು ನೋಡಬೇಕಾದದ್ದು ಧೂಳು. ಕರೆಂಟ್ ತೆಗೆದು, ಕ್ಯಾಬಿನೆಟ್ ಹೊರಗೆ ತಂದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆಯಿರಿ. ಹೀಟ್‌ಸಿಂಕ್ ಬಿಚ್ಚಿದರೆ ಹಳೇ ಥರ್ಮಲ್ ಪೇಸ್ಟ್ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಮುಂದಿನಿಂದ ಗಾಳಿ ಒಳಗೆ, ಹಿಂದಿನಿಂದ ಹೊರಗೆ ಹೋಗಬೇಕು, ಹಾಗಾಗಿ ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಡಬೇಡಿ. ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಡುವುದು ಒಂದು ರಾತ್ರಿಯ ಕೆಲಸಕ್ಕೆ ಸರಿ. ವರ್ಷವಿಡೀ ಹಾಗೆ ಬಿಟ್ಟರೆ ರಸ್ತೆಯ ಧೂಳೆಲ್ಲ ಬೋರ್ಡಿನ ಮೇಲೆ.

ಇನ್ನೊಂದು ಸಂಗತಿ. 2024ರಲ್ಲಿ ಎನ್‌ವಿಡಿಯಾ ಕಂಪನಿ ಎಐ ಕೆಲಸಕ್ಕೆಂದು ಪ್ರಕಟಿಸಿದ ಒಂದು ರ‍್ಯಾಕ್, ಅಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಸುಮಾರು 120 ಕಿಲೋವ್ಯಾಟ್ ಎಳೆಯುತ್ತದೆ. ಇಡೀ ಕೋಣೆ ತುಂಬಿದ್ದ ಎನಿಯಾಕ್‌ನ ಹತ್ತಿರ ಹತ್ತಿರಕ್ಕೆ ಒಂದೇ ಬೀರು ಬಂದಿದೆ. ಅದಕ್ಕೆ ಫ್ಯಾನ್ ಗಾಳಿ ಸಾಲದೆ ಮತ್ತೆ ಕೊಳವೆಯಲ್ಲಿ ದ್ರವ ಹರಿಸುತ್ತಿದ್ದಾರೆ. ಎಂಬತ್ತು ವರ್ಷದಲ್ಲಿ ಲೆಕ್ಕ ಮಾಡುವ ವೇಗ ಊಹೆಗೆ ಸಿಗದಷ್ಟು ಏರಿದೆ. ಬಿಸಿ ಮಾತ್ರ ಯಾರನ್ನೂ ಬಿಟ್ಟಿಲ್ಲ.

ಆದ್ದರಿಂದ ಫ್ಯಾನ್ ಸದ್ದು ಮಾಡಿದರೆ ಬೈಯಬೇಡಿ. ಅದು ಜೋರಾಗಿದೆ ಎಂದರೆ ಒಳಗೆ ಬಿಸಿ ಏರಿದೆ ಎಂದರ್ಥ, ಬಿಚ್ಚಿ ನೋಡಿ. ಹೆದರಬೇಕಾದದ್ದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಸದ್ದೇ ನಿಂತು ಹೋದಾಗ.