ಕಟ್ಟಡದ ಹಣ, ಸಂಬಳದ ಖರ್ಚು: ಶಿಕಾಗೋ ಶಾಲಾ ಮಂಡಳಿಯ 1979ರ ಬಿಕ್ಕಟ್ಟು

1979ರ ಡಿಸೆಂಬರ್ 21ರಂದು, ಕ್ರಿಸ್‌ಮಸ್ ಹಬ್ಬಕ್ಕೆ ನಾಲ್ಕೇ ದಿನ ಇರುವಾಗ, ಶಿಕಾಗೋದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಸಂಬಳ ಬಟವಾಡೆಯಾಗಲಿಲ್ಲ. ಜನವರಿಯಲ್ಲೂ ಅದೇ ಪಾಡು. ತಿಂಗಳ ಕೊನೆಗೆ ಶಿಕ್ಷಕರು ಮುಷ್ಕರ ಹೂಡಿದರು. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಶಾಲೆಗಳನ್ನು ನಡೆಸುತ್ತಿದ್ದ ಮಂಡಳಿ ಹೀಗೆ ಕುಸಿದದ್ದಕ್ಕೆ ಹಣದುಬ್ಬರ, ಶಿಕ್ಷಕರ ಸಂಘದ ಪಟ್ಟು, ಅಧಿಕಾರಿಗಳ ಅಪ್ರಾಮಾಣಿಕತೆ ಎಂಬ ಕಾರಣಗಳನ್ನು ಹೇಳುವುದುಂಟು. ಇವುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಇಷ್ಟು ದೊಡ್ಡ ಕೊರತೆ ಅಷ್ಟು ಕಾಲ ಕಣ್ಣಿಗೆ ಬೀಳದೆ ಉಳಿದದ್ದು ಹೇಗೆ ಎಂಬುದಕ್ಕೆ ಇವು ಉತ್ತರವಾಗುವುದಿಲ್ಲ. ಆ ಉತ್ತರ ಮಂಡಳಿಯ ಲೆಕ್ಕಪತ್ರದ ರಚನೆಯಲ್ಲಿದೆ ಎಂಬುದು ಈ ಲೇಖನದ ವಾದ.

ಇಲಿನಾಯ್ ರಾಜ್ಯದ ಕಾನೂನು ಶಾಲಾ ತೆರಿಗೆಯನ್ನು ನಿಧಿಗಳಾಗಿ ವಿಂಗಡಿಸುತ್ತದೆ. ಸಂಬಳ, ಪಠ್ಯ ಮೊದಲಾದ ದಿನನಿತ್ಯದ ಖರ್ಚಿಗೆ ಶಿಕ್ಷಣ ನಿಧಿ. ಕಟ್ಟಡಗಳಿಗೆ ಬೇರೆ ನಿಧಿ. ಕಟ್ಟಡಗಳಿಗಾಗಿ ಎತ್ತಿದ ಬಾಂಡುಗಳ ಅಸಲು-ಬಡ್ಡಿ ತೀರಿಸಲು ಮತ್ತೊಂದು. ಒಂದರ ಹಣವನ್ನು ಇನ್ನೊಂದಕ್ಕೆ ಬಳಸಲು ಕಟ್ಟುಪಾಡುಗಳಿವೆ. ಆಸ್ತಿ ತೆರಿಗೆಯಾದರೋ ಅಲ್ಲಿ ಮರುವರ್ಷ ಕಂತುಗಳಲ್ಲಿ ಕೈಸೇರುತ್ತದೆ. ಸಂಬಳದ ದಿನ ಅಲ್ಲಿಯತನಕ ಕಾಯುವುದಿಲ್ಲ. ಆದ್ದರಿಂದ ಬರಲಿರುವ ತೆರಿಗೆಯ ಭರವಸೆಯ ಮೇಲೆ ಅಲ್ಪಾವಧಿ ಸಾಲಪತ್ರ ಮಾರಿ ಕೆಲಸ ನಡೆಸುವುದು ಮಂಡಳಿಯ ಮಾಮೂಲಾಗಿತ್ತು. ಇದರಲ್ಲಿ ತಪ್ಪೇನೂ ಇಲ್ಲ. ವಸೂಲಾಗುವ ತೆರಿಗೆ ಖರ್ಚಿಗೆ ಸಾಲುವಷ್ಟಿದ್ದರೆ ಅದು ಬರೀ ದಿನಾಂಕಗಳ ವ್ಯತ್ಯಾಸ.

ಸಾಲದೇ ಹೋದದ್ದೇ ತೊಡಕಿನ ಮೂಲ. 1969, 1971, 1973, 1975ರಲ್ಲಿ ನಡೆದ ಮುಷ್ಕರಗಳಲ್ಲಿ ಮೇಯರ್ ರಿಚರ್ಡ್ ಡೇಲಿಯವರ ಮಧ್ಯಸ್ಥಿಕೆಯಿಂದ ರಾಜಿಗಳಾದವು. ಅದಕ್ಕೆ ಬೇಕಾದ ಹಣದ ಹೊಣೆ ಬಿದ್ದದ್ದು ಮಂಡಳಿಯ ಮೇಲೆ. ಕಾನೂನಿನ ಕಣ್ಣಿಗೆ ಮಂಡಳಿ ನಗರಾಡಳಿತದಿಂದ ಬೇರೆ. ಆದರೆ ಅದರ ಸದಸ್ಯರನ್ನು ನೇಮಿಸುತ್ತಿದ್ದವರು ಮೇಯರ್. ಹೀಗಾಗಿ ರಾಜಿಯ ಕೀರ್ತಿ ನಗರಕ್ಕೂ ಬಿಲ್ಲು ಮಂಡಳಿಗೂ ಸಂದವು ಎನ್ನಬಹುದು. ಪ್ರತಿವರ್ಷದ ಕೊರತೆಯನ್ನು ಮುಚ್ಚಲು ಬಾಂಡು ತೀರಿಸಲೆಂದೇ ವಸೂಲಾದ ತೆರಿಗೆಯ ಹಣವನ್ನೂ ದಿನನಿತ್ಯದ ಖರ್ಚಿಗೆ ತಿರುಗಿಸಲಾಯಿತು.

ಈ ವ್ಯವಹಾರವನ್ನು ಹತ್ತಿರದಿಂದ ನೋಡಬೇಕು. ಲೆಡ್ಜರಿನಲ್ಲಿ ನಿಧಿಗಳು ಬೇರೆ ಬೇರೆ ಹಾಳೆಗಳಲ್ಲಿರುತ್ತವೆ. ನಗದು ಒಟ್ಟಿಗೆ ಸೇರಿದರೆ ಬ್ಯಾಂಕಿನಲ್ಲಿ ಕಾಣುವುದು ಒಂದೇ ಶಿಲ್ಕು. ಸಂಬಳದ ಚೆಕ್ಕು ಪಾಸಾಗಲು ಆ ಶಿಲ್ಕು ಸಾಕು. ಯಾವ ನಿಧಿಯ ಹಣವೆಂದು ಬ್ಯಾಂಕು ಕೇಳುವುದಿಲ್ಲ. ಶಿಕ್ಷಣ ನಿಧಿಯ ಹಾಳೆಯಲ್ಲಿ ಬಾಕಿ ಬೆಳೆಯುತ್ತದೆ, ಬಾಂಡು ನಿಧಿಯ ಹಾಳೆಯಲ್ಲಿ ಬರಬೇಕಾದ ಮೊತ್ತ ಅಷ್ಟೇ ಬೆಳೆಯುತ್ತದೆ, ಎರಡೂ ಸೇರಿದರೆ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಈ ಕೈಗಡಕ್ಕೆ ಬಡ್ಡಿಯಿಲ್ಲ, ವಾಯಿದೆಯಿಲ್ಲ, ವಾಪಸು ಕೇಳುವ ಧಣಿಯೂ ಇಲ್ಲ. ಕೊಟ್ಟವರೂ ಪಡೆದವರೂ ಒಬ್ಬರೇ. ಅದರಲ್ಲೂ ಕಟ್ಟಡಕ್ಕೆ ಸಂಬಂಧಿಸಿದ ಹಣವೇ ಮೊದಲು ಕೈಗೆ ಸಿಗುವುದಕ್ಕೆ ಕಾರಣವಿದೆ. ಬಾಂಡು ಮಾರಿದ ದಿನಕ್ಕೂ ಗುತ್ತಿಗೆದಾರನ ಬಿಲ್ಲು ಬರುವ ದಿನಕ್ಕೂ, ತೆರಿಗೆ ವಸೂಲಾದ ದಿನಕ್ಕೂ ಕಂತು ಕಟ್ಟುವ ದಿನಕ್ಕೂ ನಡುವೆ ತಿಂಗಳುಗಳ ಅಂತರ. ಶಿಕ್ಷಕರಿಗೆ ಸಂಘವಿದೆ. ಇನ್ನೂ ತಳಪಾಯ ಬೀಳದ ಶಾಲೆಗೆ ಯಾರಿದ್ದಾರೆ?

1979ರ ನವೆಂಬರಿನಲ್ಲಿ ರೇಟಿಂಗ್ ಸಂಸ್ಥೆಗಳು ಮಂಡಳಿಯ ದರ್ಜೆ ಇಳಿಸಿದವು. ಸಾಲಪತ್ರಗಳಿಗೆ ಕೊಳ್ಳುವವರು ಸಿಗಲಿಲ್ಲ. ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುವ ದಾರಿ ಮುಚ್ಚಿದಾಗ ಖಾಲಿ ನಿಧಿಗಳು ಹೊರಬಿದ್ದವು. ಸೂಪರಿಂಟೆಂಡೆಂಟ್ ಜೋಸೆಫ್ ಹ್ಯಾನನ್ ನವೆಂಬರ್ 28ರಂದು ರಾಜೀನಾಮೆ ಕೊಟ್ಟರು.

ಇದು ಶಿಕಾಗೋದ ಜಾಯಮಾನ ಎಂದು ತಳ್ಳಿಹಾಕುವಂತಿಲ್ಲ. ಕ್ಲೀವ್‌ಲ್ಯಾಂಡಿನ ಲೆಕ್ಕಪತ್ರಗಳನ್ನು 1978ರಲ್ಲಿ ಪರಿಶೋಧಿಸಿದಾಗ ನಗರ ಕಾಮಗಾರಿಗಳಿಗೆ ಮೀಸಲಾದ ಬಾಂಡಿನ ಹಣದಲ್ಲಿ ಸುಮಾರು 5 ಕೋಟಿ ಡಾಲರ್ ಬೇರೆ ಖರ್ಚಿಗೆ ಹೋಗಿದ್ದು ಕಂಡುಬಂತು; ಆ ವರ್ಷದ ಡಿಸೆಂಬರ್ 15ರಂದು ನಗರ ಸಾಲ ತೀರಿಸಲಾಗದೆ ಕೈಚೆಲ್ಲಿತು. ನ್ಯೂಯಾರ್ಕಿನ ದಾರಿ ಇನ್ನೂ ಜಾಣತನದ್ದು. ಅಲ್ಲಿ ನಿಧಿಯನ್ನು ಮುಟ್ಟುವ ಬದಲು ಕಾನೂನನ್ನೇ ಸಡಿಲಿಸಿ, ವೃತ್ತಿ ಶಿಕ್ಷಣದಂಥ ಚಾಲ್ತಿ ವೆಚ್ಚಗಳನ್ನು ಬಂಡವಾಳ ಆಯವ್ಯಯಕ್ಕೆ ಸೇರಿಸಲಾಯಿತು. 1975ರ ಹೊತ್ತಿಗೆ ಹೀಗೆ ಸೇರಿದ ಮೊತ್ತ ವರ್ಷಕ್ಕೆ ಸುಮಾರು 70 ಕೋಟಿ ಡಾಲರ್. ಕಟ್ಟಡ ಕಟ್ಟಲು ಎತ್ತಬೇಕಾದ ಸಾಲದಿಂದ ಪಾಠದ ಖರ್ಚು ನಡೆಯಿತು, ಅದೂ ಕಾನೂನುಬದ್ಧವಾಗಿ.

ಹಾಗಾದರೆ ಮೀಸಲು ನಿಧಿಗೆ ಬೀಗ ಜಡಿದು ಕೂರಬೇಕೇ? ಅದನ್ನೂ ಒಪ್ಪುವುದು ಕಷ್ಟ. ಒಂದು ನಿಧಿಯಲ್ಲಿ ಹಣ ಸುಮ್ಮನೆ ಬಿದ್ದಿರುವಾಗ ಇನ್ನೊಂದು ನಿಧಿಗಾಗಿ ಬ್ಯಾಂಕಿಗೆ ಬಡ್ಡಿ ಕಟ್ಟುವುದು ತೆರಿಗೆದಾರರಿಗೇ ನಷ್ಟ. ಇದಕ್ಕೆ ಇಲಿನಾಯ್ ಕಾನೂನಿನಲ್ಲೇ ಮದ್ದಿತ್ತು: ತೆರಿಗೆ ಬರುವ ತನಕ ಶಿಕ್ಷಣ ನಿಧಿಗೆ ಸಾಲ ಕೊಡಲೆಂದೇ ಇರುವ ಪ್ರತ್ಯೇಕ ನಗದು ನಿಧಿ. ಅಲ್ಲಿ ಸಾಲವೆಂಬುದು ಸಾಲವೆಂದೇ ದಾಖಲಾಗುತ್ತದೆ, ಬರಲಿರುವ ತೆರಿಗೆಯಿಂದಲೇ ತೀರಬೇಕು. ಬಳಕೆಯೊಂದು ತಾತ್ಕಾಲಿಕವೋ ಅಲ್ಲವೋ ಎಂದು ತೀರ್ಮಾನಿಸುವಾಗ ಬಳಸಿದವರ ಉದ್ದೇಶಕ್ಕಿಂತ, ಅದನ್ನು ತುಂಬಿಕೊಡುವ ಆದಾಯ ಯಾವುದೆಂದು ಮೊದಲೇ ಗೊತ್ತಿತ್ತೇ ಎಂಬುದನ್ನು ನೋಡಬೇಕು. ಶಿಕಾಗೋದಲ್ಲಿ ಅಂಥ ಆದಾಯ ಇರಲಿಲ್ಲ.

1980ರ ಜನವರಿಯಲ್ಲಿ ರಾಜ್ಯ ಶಾಸಕಾಂಗ ಶಾಲಾ ಹಣಕಾಸು ಪ್ರಾಧಿಕಾರವನ್ನು ರಚಿಸಿತು. ಮಂಡಳಿಯ ಬಜೆಟ್ಟಿಗೆ ಅದರ ಒಪ್ಪಿಗೆ ಕಡ್ಡಾಯವಾಯಿತು, ಅದೇ ಬಾಂಡು ಮಾರಿ ಮಂಡಳಿಯನ್ನು ಎತ್ತಿ ನಿಲ್ಲಿಸಿತು, ಸಾವಿರಾರು ಹುದ್ದೆಗಳು ಹೋದವು. ಆದರೆ 1995ರ ಸುಧಾರಣಾ ಕಾನೂನು ಆ ಪ್ರಾಧಿಕಾರದ ಅಧಿಕಾರಗಳನ್ನು ಅಮಾನತಿನಲ್ಲಿಟ್ಟಿತು, ಜೊತೆಗೆ ಶಿಕ್ಷಕರ ಪಿಂಚಣಿಗೆಂದು ಪ್ರತ್ಯೇಕವಾಗಿದ್ದ ತೆರಿಗೆಯನ್ನು ಸಾಮಾನ್ಯ ಶಿಕ್ಷಣ ತೆರಿಗೆಯಲ್ಲಿ ವಿಲೀನಗೊಳಿಸಿತು. 1979ರಲ್ಲಿ ಗುಟ್ಟಾಗಿ ಆದದ್ದು ಈಗ ಶಾಸನವಾಯಿತು. ಆ ನಂತರ ಸುಮಾರು ಹತ್ತು ವರ್ಷ ಆ ತೆರಿಗೆಯಿಂದ ಪಿಂಚಣಿ ನಿಧಿಗೆ ಮಂಡಳಿಯ ಪಾಲು ಸಲ್ಲಲಿಲ್ಲ. ಪಿಂಚಣಿಗೇ ಮೀಸಲಾದ ತೆರಿಗೆ ಶಿಕಾಗೋದಲ್ಲಿ ಮತ್ತೆ ಜಾರಿಗೆ ಬಂದದ್ದು 2016ರ ಕಾನೂನಿನಿಂದ.