ಕೊಪಣದ ಕಲ್ಲಿನ ಪಾದಗಳು

ಕೊಪ್ಪಳದ ಪಾಲ್ಕಿಗುಂಡು ಬೆಟ್ಟವನ್ನು ಏರುವವರು ಸಾಮಾನ್ಯವಾಗಿ ಅರಸುವುದು ಅಶೋಕನ ಶಾಸನವನ್ನು. ಎರಡು ಗುಂಡುಗಳ ಮೇಲೆ ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಕುಳಿತ ಹಾಸುಬಂಡೆ, 1931ರಲ್ಲಿ ಬೆಳಕಿಗೆ ಬಂದ ಬ್ರಾಹ್ಮೀ ಅಕ್ಷರಗಳು: ಇಷ್ಟನ್ನು ಕಂಡು ಇಳಿದುಬಿಡುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಇಳಿದವನು. ಅದೇ ಬೆಟ್ಟದ ಬಂಡೆಯಲ್ಲಿ ಒಂದು ಜೊತೆ ಪಾದಗಳನ್ನು ಕೊರೆದಿದೆಯೆಂದೂ ಅವುಗಳ ಬಳಿ ಹಳಗನ್ನಡದ ಕಿರುಬರಹವಿದೆಯೆಂದೂ ತಿಳಿದದ್ದು ಆಮೇಲೆ, ಪುಸ್ತಕದಿಂದ. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನು ಮಾಡಿಸಿದನು ಎಂಬುದಿಷ್ಟೇ ಆ ಬರಹದ ಒಕ್ಕಣೆ.

ಯಾರು ಈ ಆಚಾರ್ಯರು? ಸಂಸ್ಕೃತದಲ್ಲಿ ‘ವರಾಂಗಚರಿತ’ವೆಂಬ ಮೂವತ್ತೊಂದು ಸರ್ಗಗಳ ಕಾವ್ಯವೊಂದಿದೆ. ದುಷ್ಟ ಕುದುರೆಯೊಂದು ಯುವರಾಜನನ್ನು ಕಾಡಿಗೆ ಹೊತ್ತೊಯ್ಯುತ್ತದೆ. ಅವನು ಹೆಸರು ಮರೆಸಿಕೊಂಡು ವರ್ತಕರ ನಡುವೆ ಬಾಳುತ್ತಾನೆ. ಮತ್ತೆ ರಾಜ್ಯ ಪಡೆದು, ಕೊನೆಗೆ ಅದನ್ನೂ ತೊರೆಯುತ್ತಾನೆ. ಸೋಜಿಗವೆಂದರೆ, ನಾಯಕನಂತೆ ಕವಿಯೂ ಹೆಸರು ಮರೆಸಿಕೊಂಡಿದ್ದಾನೆ. ಕಾವ್ಯದೊಳಗೆಲ್ಲೂ ಕರ್ತೃವಿನ ಹೆಸರಿಲ್ಲ. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನರು ಕೂಡ ಕಾವ್ಯವನ್ನು ಹೊಗಳಿ ಕವಿಯನ್ನು ಹೆಸರಿಸದೆ ಮುಂದೆ ಸಾಗುತ್ತಾರೆ.

ಈ ಗಂಟನ್ನು ಬಿಡಿಸಿದವರು ನಮ್ಮ ಸದಲಗಾದ ಆ. ನೇ. ಉಪಾಧ್ಯೆಯವರು. ಉದ್ಯೋತನಸೂರಿ 779ರ ಪ್ರಾಕೃತ ‘ಕುವಲಯಮಾಲೆ’ಯಲ್ಲಿ ಜಡಿಲನೆಂಬ ಕವಿಯನ್ನು ನೆನೆದಿದ್ದಾನೆ. ಆದಿಪುರಾಣದ ಜಿನಸೇನರು (ಇವರು ಬೇರೆಯವರು) ಜಟಾಚಾರ್ಯರ ಜಡೆಗಳು ಕಾವ್ಯದ ಅರ್ಥವನ್ನು ವಿವರಿಸುವಂತೆ ಅಲುಗುತ್ತವೆಂದು ಬಣ್ಣಿಸಿದ್ದಾರೆ. ಕೇಶಲೋಚ ಮಾಡಿಕೊಳ್ಳುವ ಜೈನ ಮುನಿಗೆ ಜಡೆ ಎಲ್ಲಿಂದ ಬಂತೋ! ಚಾವುಂಡರಾಯನೂ ಈ ಹೆಸರನ್ನು ಬಲ್ಲ. ಉಪಾಧ್ಯೆಯವರು ಈ ಎಳೆಗಳನ್ನು ಕೂಡಿಸಿ, ಕವಿ ಏಳನೆಯ ಶತಮಾನದವನೆಂದು ತರ್ಕಿಸಿ, 1938ರಲ್ಲಿ ಕಾವ್ಯವನ್ನು ಪ್ರಕಟಿಸಿದರು. ಕೊಪ್ಪಳದ ಕನ್ನಡ ಶಾಸನಗಳು ಅಚ್ಚಾದದ್ದು ಅದಕ್ಕೆ ಮೂರೇ ವರ್ಷ ಹಿಂದೆ, ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ. ಹೀಗೆ ಹೆಸರಿಲ್ಲದ ಕಾವ್ಯಕ್ಕೂ ಕಾವ್ಯದ ಸುದ್ದಿಯೇ ಇಲ್ಲದ ಕಲ್ಲಿಗೂ ನಂಟು ಬೆಳೆಯಿತು.

ಪಾದಗಳನ್ನೇ ಏಕೆ ಕೊರೆಯಬೇಕು? ಮುನಿಯು ಸಲ್ಲೇಖನದಿಂದ ದೇಹ ಬಿಟ್ಟ ತಾಣದಲ್ಲಿ ಪಾದಗಳನ್ನು ನಿಲ್ಲಿಸುವುದು ಜೈನರ ರೂಢಿ. ಆದ್ದರಿಂದಲೇ ಕವಿಯ ಕೊನೆಯ ದಿನಗಳು ಇಲ್ಲಿಯೇ ಕಳೆದವೆಂದು ವಿದ್ವಾಂಸರು ಊಹಿಸುತ್ತಾರೆ. ಕೊಪಣವಾದರೋ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದ ನಗರ. ರನ್ನನು ಅತ್ತಿಮಬ್ಬೆಯ ಶುಚಿತ್ವಕ್ಕೆ ಹೋಲಿಕೆಯಾಗಿ ತಂದ ಬೆಟ್ಟ.

ಕ್ರಿ.ಶ. 258ರಲ್ಲಿ ರೋಮಿನಲ್ಲಿ ಕೊಲೆಗೀಡಾದ ಸಂತ ಲಾರೆನ್ಸನನ್ನು ಕಾರ್ಕಳದ ಅತ್ತೂರಿನಲ್ಲಿ ಇಂದಿಗೂ ಜಾತ್ರೆ ಕೂಡಿ ನೆನೆಯುತ್ತಾರೆ. ಅವನ ಮರಣ ಅನ್ಯರು ವಿಧಿಸಿದ್ದು. ಈ ಮುನಿಯದು, ಊಹೆ ನಿಜವಾದರೆ, ತಾನೇ ವ್ರತವಾಗಿ ಕೈಕೊಂಡದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಸತ್ತವರ ಗುರುತನ್ನು ಹಿಡಿದುಕೊಳ್ಳುವ ಭಕ್ತರ ಹಂಬಲ ಎರಡು ಕಡೆಯೂ ಒಂದೇ. ಪಾಲ್ಕಿಗುಂಡಿನಲ್ಲಿ ಜಾತ್ರೆಯಿಲ್ಲ. ಅಲ್ಲಿನ ಅಕ್ಷರಗಳ ರೂಪ ಕವಿಯ ಕಾಲಕ್ಕಿಂತ ಈಚಿನದು. ಅಂದರೆ ಗುರುವನ್ನು ಕಣ್ಣಾರೆ ಕಾಣದ ಚಾವಯ್ಯನು ಹಲವು ತಲೆಮಾರುಗಳ ಮಾತನ್ನು ನಂಬಿ ಬೆಟ್ಟ ಹತ್ತಿದ್ದಾನೆ. ತನ್ನ ವಂಶವನ್ನಾಗಲಿ ಬಿರುದನ್ನಾಗಲಿ ಅವನು ಬರೆಸಲಿಲ್ಲ.