ಗರಿ ಮೊದಲೋ, ಹಾರಾಟ ಮೊದಲೋ?

ಒಮ್ಮೆ ಕನ್ನಡ ಪಾಠದಲ್ಲಿ 'ಪಕ್ಷಿ' ಪದದ ಅರ್ಥ ವಿವರಿಸುತ್ತಿದ್ದೆ. ಪಕ್ಷ ಎಂದರೆ ರೆಕ್ಕೆ, ರೆಕ್ಕೆಯುಳ್ಳದ್ದು ಪಕ್ಷಿ. ಉರ್ದುವಿನ 'ಪರಿಂದಾ' ಪದದಲ್ಲೂ 'ಪರ್' ಇದೆ. ಅದರ ಅರ್ಥವೂ ಗರಿ, ರೆಕ್ಕೆ. ಎರಡು ಭಾಷೆಗಳೂ ಹಕ್ಕಿಯನ್ನು ರೆಕ್ಕೆಯಿಂದಲೇ ಗುರುತಿಸಿವೆ ಎಂದು ಹೇಳುತ್ತಿದ್ದಾಗ, ಕೋಳಿ ಅಂಗಡಿಯವರ ಮಗನೊಬ್ಬ ಎದ್ದು ನಿಂತ. "ಸರ್, ಕೋಳಿಯ ಎದೆ ಹತ್ರ ವಿ ಆಕಾರದ ಮೂಳೆ ಇರುತ್ತೆ. ಕುರಿಗೆ ಇರಲ್ಲ. ಯಾಕೆ?"

ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆದರೆ ಉತ್ತರ ಹುಡುಕಲು ಹಲವು ದಿನ ಬೇಕಾಯಿತು. ಆ ಮೂಳೆಯ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಒಂದು ವಾದವೇ ಇದೆ.

ಕಲ್ಲಚ್ಚಿನ ಕಲ್ಲಿನಲ್ಲಿ ಸಿಕ್ಕ ಹಕ್ಕಿ

ನಮ್ಮ ಹಿರಿಯರು ಓದಿದ ಉರ್ದು ಪುಸ್ತಕಗಳು ಬಹುಕಾಲ ಕಲ್ಲಚ್ಚಿನಲ್ಲಿ, ಅಂದರೆ ಲಿಥೋ ಮುದ್ರಣದಲ್ಲಿ ಅಚ್ಚಾಗುತ್ತಿದ್ದವು. ಕಾತಿಬರು ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕುತ್ತಿದ್ದರು. ಈ ಕೆಲಸಕ್ಕೆ ಹೆಸರಾದ ನಯವಾದ ಸುಣ್ಣಕಲ್ಲು ಸಿಗುತ್ತಿದ್ದುದು ಜರ್ಮನಿಯ ಸೋಲ್ನ್‌ಹೋಫನ್ ಗಣಿಗಳಲ್ಲಿ. ಅದೇ ಗಣಿಗಳಲ್ಲಿ 1861ರಲ್ಲಿ, ಡಾರ್ವಿನ್ನನ ಪ್ರಸಿದ್ಧ ಗ್ರಂಥ ಪ್ರಕಟವಾದ ಎರಡೇ ವರ್ಷಕ್ಕೆ, ಒಂದು ವಿಚಿತ್ರ ಪ್ರಾಣಿಯ ಪಳೆಯುಳಿಕೆ ಬೆಳಕಿಗೆ ಬಂತು. ಅದಕ್ಕೆ ಹಕ್ಕಿಯಂತೆ ಗರಿಗಳಿದ್ದವು. ಜೊತೆಗೆ ಸರೀಸೃಪದಂತೆ ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಉಗುರುಳ್ಳ ಮೂರು ಬೆರಳು, ಉದ್ದನೆಯ ಮೂಳೆಯ ಬಾಲವೂ ಇದ್ದವು. ಸುಮಾರು 15 ಕೋಟಿ ವರ್ಷ ಹಳೆಯದಾದ ಇದಕ್ಕೆ ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ ಎಂದು ಹೆಸರಿಟ್ಟರು. ಕಲ್ಲಚ್ಚಿನ ನೆನಪು ಹೆಸರಿನಲ್ಲೇ ಉಳಿದಿದೆ.

ಅದೇ ಕಲ್ಲುಗಳಲ್ಲಿ ಸಿಕ್ಕ ಕಾಂಪ್ಸೋಗ್ನಾಥಸ್ ಎಂಬ ಪುಟ್ಟ ಡೈನೋಸಾರ್‌ನ ಅಸ್ಥಿಪಂಜರಕ್ಕೂ ಇದಕ್ಕೂ ಬಹಳ ಹೋಲಿಕೆಯಿತ್ತು. ಹಕ್ಕಿಗಳು ಡೈನೋಸಾರ್‌ಗಳ ಹತ್ತಿರದ ಬಂಧುಗಳು ಎಂದು ಇಂಗ್ಲೆಂಡಿನ ಥಾಮಸ್ ಹಕ್ಸ್ಲಿ 1868ರ ಸುಮಾರಿಗೆ ವಾದಿಸಿದರು.

ಒಂದು ಮೂಳೆಯ ತಕರಾರು

ಇಲ್ಲಿ ಬರುತ್ತದೆ ಕೋಳಿಯ ಆ ಮೂಳೆ. ನಮ್ಮ ಕೊರಳ ಬುಡದಲ್ಲಿ ಎರಡೂ ಬದಿಗೆ ಒಂದೊಂದು ಮೂಳೆಯಿದೆಯಲ್ಲ, ಹಕ್ಕಿಯಲ್ಲಿ ಅವೆರಡೂ ಬೆಸೆದುಕೊಂಡು 'ವಿ' ಆಕಾರವಾಗಿವೆ. ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್‌ಮನ್ 1926ರಲ್ಲಿ ಹಕ್ಕಿಗಳ ಮೂಲದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಡೈನೋಸಾರ್‌ಗಳಿಗೆ ಈ ಮೂಳೆಯೇ ಇರಲಿಲ್ಲ, ಆದ್ದರಿಂದ ಅವು ಹಕ್ಕಿಗಳ ಪೂರ್ವಜರಾಗಲಾರವು ಎಂದರು. ಎಷ್ಟೋ ದಶಕ ಹೆಚ್ಚಿನವರು ಅದನ್ನೇ ನಂಬಿದರು. ಆದರೆ ಮೂಳೆ ಇರಲಿಲ್ಲ ಎನ್ನುವುದು ಬೇರೆ, ಇನ್ನೂ ಗುರುತಿಸಿರಲಿಲ್ಲ ಎನ್ನುವುದು ಬೇರೆ. ಮುಂದೆ ಅನೇಕ ಮಾಂಸಾಹಾರಿ ಡೈನೋಸಾರ್‌ಗಳಲ್ಲಿ ಅದೇ 'ವಿ' ಮೂಳೆ ಕಂಡುಬಂತು.

ಅಮೆರಿಕದ ಜಾನ್ ಆಸ್ಟ್ರಂ 1964ರಲ್ಲಿ ಪತ್ತೆಹಚ್ಚಿದ ಡೈನೋನಿಕಸ್ ಎಂಬ ಚುರುಕಾದ ಬೇಟೆಗಾರ ಡೈನೋಸಾರ್‌ನ ಮಣಿಕಟ್ಟು, ಕೈಮೂಳೆಗಳು ಆರ್ಕಿಯಾಪ್ಟೆರಿಕ್ಸ್‌ನವುಗಳನ್ನು ಹೋಲುತ್ತಿದ್ದವು. ಹಕ್ಸ್ಲಿಯ ಮಾತಿಗೆ ಮತ್ತೆ ಜೀವ ಬಂತು.

ಚೀನಾದ ಬೂದಿಯಲ್ಲಿ ಉಳಿದ ಗರಿ

ನಿರ್ಣಾಯಕ ಸಾಕ್ಷ್ಯ ಬಂದದ್ದು 1996ರಲ್ಲಿ, ಚೀನಾದ ಲಿಯಾವೋನಿಂಗ್ ಪ್ರಾಂತದಿಂದ. ಸುಮಾರು 12.5 ಕೋಟಿ ವರ್ಷಗಳ ಹಿಂದೆ ಅಲ್ಲಿ ಸರೋವರಗಳ ಕೆಸರೂ ಜ್ವಾಲಾಮುಖಿಯ ನುಣುಪಾದ ಬೂದಿಯೂ ಸತ್ತ ಪ್ರಾಣಿಗಳನ್ನು ಮುಚ್ಚಿದ್ದವು. ಹೀಗಾಗಿ ಮೂಳೆಯಷ್ಟೇ ಅಲ್ಲ, ಮೈಹೊದಿಕೆಯೂ ಉಳಿಯಿತು. ಸೈನೋಸಾರೋಪ್ಟೆರಿಕ್ಸ್ ಎಂಬ ಆ ಡೈನೋಸಾರ್‌ನ ಮೈಮೇಲೆ ತುಪ್ಪಳದಂತಹ ಎಳೆಗರಿಗಳಿದ್ದವು. ಅದರ ಬಾಲದಲ್ಲಿ ಕೆಂಚು ಪಟ್ಟೆಗಳಿದ್ದವೆಂದು 2010ರಲ್ಲಿ ಗರಿಯ ಸೂಕ್ಷ್ಮಕಣಗಳಿಂದ ತಿಳಿಯಿತು. 2012ರಲ್ಲಿ ಸುಮಾರು 9 ಮೀಟರ್ ಉದ್ದದ ಯುಟೈರಾನಸ್‌ನ ವಿವರ ಪ್ರಕಟವಾಯಿತು. ಅದಕ್ಕೂ ಗರಿ ಇತ್ತು.

ಅಷ್ಟು ಭಾರದ ಪ್ರಾಣಿ ಹಾರಲು ಸಾಧ್ಯವೇ? ಇಲ್ಲ. ಎಂದರೆ ಗರಿ ಮೊದಲು ಬಂದದ್ದು ಹಾರಲಿಕ್ಕಲ್ಲ. ಮೈ ಬೆಚ್ಚಗಿಡಲು, ಪ್ರಾಯಶಃ ಜೊತೆಗಾರರ ಗಮನ ಸೆಳೆಯಲು. ಹಾರಾಟ ಆಮೇಲಿನದು. ಎರಡೂ ಭಾಷೆಗಳ ಪದಗಳು ಗರಿಯನ್ನು ಹಕ್ಕಿಯ ಸ್ವತ್ತೆಂದು ಭಾವಿಸಿದವು. ಕಲ್ಲು ಬೇರೆಯೇ ಹೇಳಿತು.

ಈ ಇತಿಹಾಸದಲ್ಲಿ ಮೋಸವೂ ಇದೆ. 1999ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 'ಆರ್ಕಿಯೋರಾಪ್ಟರ್' ಎಂಬ ಪಳೆಯುಳಿಕೆಯನ್ನು ಹೊಗಳಿ ಬರೆಯಿತು. ಬೇರೆ ಬೇರೆ ಪ್ರಾಣಿಗಳ ತುಂಡುಗಳನ್ನು ಅಂಟಿಸಿ ಅದನ್ನು ತಯಾರಿಸಲಾಗಿತ್ತು. ಅದನ್ನು ಬಯಲಿಗೆಳೆದವರಲ್ಲಿ ಮುಖ್ಯರು ಚೀನಾದ ವಿಜ್ಞಾನಿ ಷು ಷಿಂಗ್. ಗರಿಯುಳ್ಳ ಡೈನೋಸಾರ್‌ಗಳಿಗಾಗಿ ಜೀವನ ಮುಡಿಪಿಟ್ಟವರೇ ಸುಳ್ಳು ಸಾಕ್ಷ್ಯವನ್ನು ತಿರಸ್ಕರಿಸಿದರು ಎಂಬುದನ್ನು ಗಮನಿಸಬೇಕು.

ನಮ್ಮೂರಿನ ಕಲ್ಲು

ಬೆಂಗಳೂರಿನಲ್ಲೇಕೆ ಡೈನೋಸಾರ್ ಸಿಗುವುದಿಲ್ಲ? ಲಾಲ್‌ಬಾಗಿನ ಬಂಡೆಯನ್ನು ನೋಡಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಆಳದಲ್ಲಿ ಕಾವು, ಒತ್ತಡಗಳಿಂದ ರೂಪಗೊಂಡ ಅದರಲ್ಲಿ ಮೂಳೆ ಹುಡುಕುವುದು ವ್ಯರ್ಥ. ಆಗ ಮೂಳೆಯುಳ್ಳ ಜೀವಿಗಳೇ ಇರಲಿಲ್ಲ. ಪಳೆಯುಳಿಕೆಗೆ ಪದರು ಶಿಲೆ ಬೇಕು. ಗೋದಾವರಿ ಕಣಿವೆಯ ಅಂತಹ ಶಿಲೆಗಳಲ್ಲಿ ಸಿಕ್ಕ ಬಾರಾಪಾಸಾರಸ್ ಎಂಬ ದೈತ್ಯನ ಅಸ್ಥಿಪಂಜರವನ್ನು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಲ್ಲಿಸಿದ್ದಾರೆ. ಬಿಜಾಪುರ, ಗುಲ್ಬರ್ಗ ಕಡೆಯ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆ ಕಾಲದಲ್ಲೇ ಡೈನೋಸಾರ್‌ಗಳು ಅಳಿದವು. ಉಳಿದ ಒಂದೇ ಕವಲು ಹಕ್ಕಿಗಳದು.

ಆ ಕವಲನ್ನು ನಮ್ಮ ನಾಡಿನಲ್ಲಿ ಊರೂರು ಅಲೆದು ದಾಖಲಿಸಿದವರು ಡಾ. ಸಲೀಂ ಅಲಿ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಅವರದೇ. ಅದಕ್ಕೆ ಹತ್ತು ವರ್ಷ ಮೊದಲು ಅವರು ತರಬೇತಿ ಪಡೆದದ್ದು ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ. ಆರ್ಕಿಯಾಪ್ಟೆರಿಕ್ಸ್‌ನ ಅತಿ ಸುಂದರ ಪಳೆಯುಳಿಕೆ ಇರುವುದೂ ಅಲ್ಲೇ.

ಪ್ರಿಯ ವಿದ್ಯಾರ್ಥಿಗಳೇ, 2023ರಲ್ಲಿ ಎನ್‌ಸಿಇಆರ್‌ಟಿ ತನ್ನ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಿರೋಧಿಸಿ ಪತ್ರ ಬರೆದರು. 12ನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಉಳಿಯಿತು, ನಿಜ. ಆದರೆ ಹತ್ತರ ನಂತರ ವಾಣಿಜ್ಯವನ್ನೋ ಐಟಿಐಯನ್ನೋ ಸೇರುವ ಮಗುವಿಗೆ ಆ ಬಾಗಿಲು ಅಲ್ಲಿಗೇ ಮುಚ್ಚಿತು. ನನಗೆ ಪ್ರಶ್ನೆ ಕೇಳಿದ ಹುಡುಗ ಅಂಥವನೇ. ಒಪ್ಪುವುದು, ಬಿಡುವುದು ಆಮೇಲಿನ ಮಾತು. ಸಾಕ್ಷ್ಯ ಏನೆಂದು ತಿಳಿಯುವ ಹಕ್ಕು ಪ್ರತಿ ಮಗುವಿಗೂ ಇದೆ.

ಮುಂದಿನ ಭಾನುವಾರ ಹೆಬ್ಬಾಳ ಕೆರೆಗೋ ಯಲಹಂಕ ಕೆರೆಗೋ ಹೋಗಿ ಕೊಕ್ಕರೆಯ ನಡಿಗೆಯನ್ನು, ಅದರ ಕಾಲ್ಬೆರಳುಗಳನ್ನು ನೋಡಿ. ಪ್ರಶ್ನೆ ಹುಟ್ಟಿದರೆ ತರಗತಿಯಲ್ಲಿ ಎದ್ದು ಕೇಳಿ. ಮೇಷ್ಟ್ರಿಗೆ ಉತ್ತರ ಗೊತ್ತಿರದಿದ್ದರೆ ಅವರೂ ಓದುತ್ತಾರೆ.